ವೇದಿಕೆಯ ಮೇಲೆ ವೇಗದ ಗಿಟಾರ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ಗಿಟಾರ್ ಕಲಿಸುತ್ತ, ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ರಸಮಂಜರಿ, ಆರತಕ್ಷತೆ, ಗಣೇಶೋತ್ಸವ ಹಾಗೂ ಕಾಲೇಜು ಸಮಾರಂಭಗಳಲ್ಲಿ ಲೀಡ್ ನುಡಿಸುತ್ತ ಬಂದ ನನಗೆ ಪಾಠದ ಕೊನೆಯಲ್ಲಿ, ವೇದಿಕೆ ಇಳಿಯುತ್ತಿದ್ದಂತೆ, ಕೆಲವೊಮ್ಮೆ ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ಎದುರಾಗುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತನ್ನು ಆದಷ್ಟು ಅವರದೇ ಧಾಟಿಯಲ್ಲಿ ಉಳಿಸಿಕೊಂಡಿದ್ದೇನೆ.

ಆರಂಭದವರ ಪ್ರಶ್ನೆಗಳು

ಸರ್, ಎಷ್ಟು ಸ್ಪೀಡಾಗಿ ನುಡಿಸಿದ್ರೆ ಫಾಸ್ಟ್ ಅನ್ನಿಸಿಕೊಳ್ಳುತ್ತೆ?

ಲೆಕ್ಕಕ್ಕೆ ಹೇಳುವುದಾದರೆ, ನಿಮಿಷಕ್ಕೆ 120 ಪೆಟ್ಟುಗಳ ಲಯದಲ್ಲಿ ಪೆಟ್ಟಿಗೆ ನಾಲ್ಕರಂತೆ ನುಡಿಸಿದಾಗ ಸೆಕೆಂಡಿಗೆ 8 ಸ್ವರಗಳಾಗುತ್ತವೆ. ಒಂದೊಂದು ಸ್ವರಕ್ಕೆ ಸಿಗುವ ಕಾಲ ಸೆಕೆಂಡಿನ ಎಂಟನೇ ಒಂದು ಭಾಗ. ಲಯ 150ಕ್ಕೆ ಏರಿದರೆ ಸೆಕೆಂಡಿಗೆ 10 ಸ್ವರಗಳು. ಆದರೆ ಎದುರಿಗೆ ಕುಳಿತವರು ಯಾರೂ ಎಣಿಸುತ್ತಿರುವುದಿಲ್ಲ. ಸ್ವರಗಳ ನಡುವಿನ ಅಂತರ ಒಂದೇ ಸಮನಿದ್ದರೆ 110ರ ಬಿಟ್ (ಹಾಡಿನ ನಡುವೆ ಗಿಟಾರ್ ನುಡಿಸುವ ತುಣುಕು) ಕೂಡ ಕುದುರೆ ಓಡಿದಂತೆ ಕೇಳಿಸುತ್ತದೆ. ಅಂತರ ಏರುಪೇರಾದರೆ 150ರ ಬಿಟ್ ಮೆಟ್ಟಿಲಿನಿಂದ ಪಾತ್ರೆ ಉರುಳಿದಂತೆ ಕೇಳಿಸುತ್ತದೆ. ಮುಂದಿನ ಉತ್ತರಗಳಲ್ಲಿ ‘ವೇಗ’ ಎಂದಲ್ಲೆಲ್ಲ ಕೊನೆಯ ಸಾಲಿನ ಕುರ್ಚಿಯವರೆಗೂ ಬಿಡಿಬಿಡಿಯಾಗಿ ತಲುಪುವ ವೇಗ ಎಂದು ತಿಳಿಯಬೇಕು.

ಮನೇಲಿ ಸರಿಯಾಗಿ ಬರೋ ಬಿಟ್ ಸ್ಟೇಜ್ ಮೇಲೆ ಯಾಕೆ ಕೈಕೊಡುತ್ತೆ?

ಮನೆಯಲ್ಲಿ ಸರಿಯಾಗಿ ಬರುತ್ತದೆ ಎನ್ನುವವರಲ್ಲಿ ಬಹುತೇಕರು ಹತ್ತು ಸಲ ನುಡಿಸಿ, ಅದರಲ್ಲಿ ಚೆನ್ನಾಗಿ ಬಂದ ಎರಡು ಸಲವನ್ನು ಮಾತ್ರ ನೆನಪಿಟ್ಟುಕೊಂಡಿರುತ್ತಾರೆ. ವೇದಿಕೆಯಲ್ಲಿ ಸಿಗುವುದು ಒಂದೇ ಸಲ, ಅದೂ ಮೊದಲನೆಯದು. ಆದ್ದರಿಂದ ನಾನು ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಡುತ್ತೇನೆ: ಬೆಳಿಗ್ಗೆ ಎದ್ದು, ಕಾಫಿ ಕುಡಿದು, ಬೇರೇನನ್ನೂ ನುಡಿಸದೆ ಗಿಟಾರ್ ಕೈಗೆತ್ತಿಕೊಂಡು ಆ ಬಿಟ್ಟನ್ನು ಒಂದೇ ಒಂದು ಸಲ ನುಡಿಸಿ ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಬೇಕು; ಏಳು ದಿನದ ಏಳು ಮುದ್ರಣಗಳಲ್ಲಿ ಆರು ಕೇಳುವಂತಿದ್ದರೆ ಮಾತ್ರ ಆ ಲಯ ವೇದಿಕೆಗೆ ಸಿದ್ಧ. ಹೀಗೆ ಪರೀಕ್ಷಿಸಿದಾಗ ಮನೆಯಲ್ಲಿ 140ಕ್ಕೆ ನುಡಿಸುವವರು ಸಾಮಾನ್ಯವಾಗಿ 120ರ ಆಸುಪಾಸಿಗೆ ಬಂದು ನಿಲ್ಲುತ್ತಾರೆ. ಬೇಸರವಾಗುತ್ತದೆ ನಿಜ, ಆದರೆ ಅವರ ನಿಜವಾದ ವೇಗ ಅದೇ.

ಇದರ ಮೇಲೆ ವೇದಿಕೆಯ ಉದ್ವೇಗವೂ ಸೇರುತ್ತದೆ. ಎದೆಬಡಿತ ಏರಿದಾಗ ನಮ್ಮೊಳಗಿನ ಲಯವೂ ಗೊತ್ತಿಲ್ಲದಂತೆ ಏರುತ್ತದೆ, ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಹಿಡಿದ ಬೆರಳುಗಳು ಬಿಗಿಯಾಗುತ್ತವೆ, ಬಿಗಿಯಾದ ಕೈ ಬೇಗ ದಣಿಯುತ್ತದೆ. ಅದಕ್ಕಾಗಿ ಸ್ವಲ್ಪ ಜಾಗವನ್ನು ಮೊದಲೇ ಉಳಿಸಿಕೊಂಡಿರಬೇಕು.

ಮೆಟ್ರೊನೋಮ್ ಟಿಕ್ ಟಿಕ್ ಕೇಳಿದ್ರೆ ತಲೆ ಕೆಡುತ್ತೆ. ಅದಿಲ್ಲದೆ ಆಗಲ್ವಾ?

ಲಯ ಬಡಿದು ತೋರಿಸುವ ಆ ಯಂತ್ರವನ್ನು ಸ್ವಲ್ಪ ದಿನ ಬದಿಗಿಡಬಹುದು, ಆದರೆ ಅದರ ಜಾಗದಲ್ಲಿ ಬಾಯಿ ಮತ್ತು ಕೈತಾಳ ಬರಬೇಕು. ನಮ್ಮ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ, 1920ರಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಅವರಂತಹ ಕರ್ನಾಟಕ ಸಂಗೀತದ ಗಾಯಕರನ್ನು ಕೊಟ್ಟ ಊರು. ಕರ್ನಾಟಕ ಸಂಗೀತದ ಪಾಠದಲ್ಲಿ ಮಕ್ಕಳು ಆರಂಭದ ಸ್ವರಾಭ್ಯಾಸವಾದ ಸರಳೆ ವರಸೆಯನ್ನು ಒಂದನೇ, ಎರಡನೇ, ಮೂರನೇ ಕಾಲಗಳಲ್ಲಿ ಹಾಡುವಾಗ ತಾಳ ಹಾಕುವ ಕೈ ಒಂದೇ ನಡೆಯಲ್ಲಿರುತ್ತದೆ. ಅದೇ ತಾಳದೊಳಗೆ ಸ್ವರಗಳು ಮೊದಲು ಎರಡರಷ್ಟು, ಆಮೇಲೆ ನಾಲ್ಕರಷ್ಟು ತುಂಬುತ್ತವೆ. ವೇಗ ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿಯನ್ನು ನಾನು ಕಂಡಿಲ್ಲ. ಗಿಟಾರಿನ ಬಿಟ್ಟನ್ನೂ ಹಾಗೆಯೇ ಪಾದದಿಂದ ತಾಳ ಹಾಕುತ್ತ ಬಾಯಲ್ಲಿ ‘ತಕಧಿಮಿ’ ಎಂದು ಹೇಳಿ, ಆಮೇಲೆ ನುಡಿಸಬೇಕು. ಮೂರು ಸ್ವರಗಳ ಗುಂಪಿಗೆ ‘ತಕಿಟ’, ಐದಕ್ಕೆ ‘ತಕತಕಿಟ’. ಬಾಯಲ್ಲಿ ತೊದಲುವ ಜಾಗದಲ್ಲಿ ಬೆರಳೂ ತೊದಲುತ್ತದೆ. ನಾನು ಗಮನಿಸಿದಷ್ಟು ಕಾಲ ಇದು ತಪ್ಪಿದ್ದು ಕಡಿಮೆ.

ಮೆಟ್ರೊನೋಮ್‌ಗೆ ಮರಳಿದಾಗ ಅದನ್ನು ಅರ್ಧ ಲಯಕ್ಕೆ ಇಟ್ಟು, ಎರಡನೇ ಮತ್ತು ನಾಲ್ಕನೇ ಪೆಟ್ಟಿಗೆ ಮಾತ್ರ ಅದು ಬಡಿಯುವಂತೆ ಎಣಿಸಿಕೊಳ್ಳಿ. ಕಿರಿಕಿರಿ ಕಡಿಮೆಯಾಗುತ್ತದೆ, ಲಯದ ಹೊಣೆ ನಿಮ್ಮ ಮೇಲೆ ಬೀಳುತ್ತದೆ.

ಮಗ ದಿನಕ್ಕೆ ನಾಲ್ಕು ಗಂಟೆ ಬಾರಿಸ್ತಾನೆ, ಈಗ ಮಣಿಕಟ್ಟು ನೋವು ಅಂತಾನೆ. ಬಿಡಿಸಿಬಿಡಲಾ ಸರ್?

ಬಿಡಿಸುವುದು ಬೇಡಮ್ಮ, ಆದರೆ ಇವತ್ತಿನಿಂದ ನಿಲ್ಲಿಸಿ ವಿಶ್ರಾಂತಿ ಕೊಡಿಸಿ. ಬೆರಳ ತುದಿ ಉರಿಯುವುದು ತಂತಿಯಿಂದ, ಚರ್ಮ ಗಟ್ಟಿಯಾದಂತೆ ಹೋಗುತ್ತದೆ. ಮಣಿಕಟ್ಟು ಅಥವಾ ಮುಂಗೈ ನೋಯುವುದು, ಬೆರಳು ಜುಮುಗುಡುವುದು, ರಾತ್ರಿ ಕೈ ಮರಗಟ್ಟುವುದು ಬೇರೆಯೇ ಮಾತು; ಅಂಥದ್ದು ಕೆಲವು ದಿನದ ವಿಶ್ರಾಂತಿಗೂ ಹೋಗದಿದ್ದರೆ ಮೂಳೆ ತಜ್ಞರಿಗೋ ಫಿಸಿಯೊಥೆರಪಿಯವರಿಗೋ ತೋರಿಸಬೇಕು. ಮತ್ತೆ ಶುರುಮಾಡುವಾಗ ಇಪ್ಪತ್ತೈದು ನಿಮಿಷಕ್ಕೊಮ್ಮೆ ಐದು ನಿಮಿಷ ಬಿಡುವು ಇರಲಿ. ನೋವು ನುಂಗಿ ನುಡಿಸಿದರೆ ವೇಗ ಬರುತ್ತದೆ ಎಂದು ಅವನಿಗೆ ಯಾರಾದರೂ ಹೇಳಿದ್ದರೆ ಅದು ತಪ್ಪು.

ಯಾವ ಪಿಕ್ಕು, ಯಾವ ತಂತಿ ತಗೊಳ್ಳಲಿ?

ವೇಗದ ಲೀಡ್‌ಗೆ 1 ಮಿಲಿಮೀಟರ್‌ಗಿಂತ ದಪ್ಪನೆಯ, ಬಾಗದ ಪಿಕ್ ಒಳ್ಳೆಯದು. ತೆಳುವಾದದ್ದು ತಂತಿಗೆ ತಗುಲಿ ಬಾಗಿ ಮರಳುವಷ್ಟರಲ್ಲಿ ಮುಂದಿನ ಸ್ವರದ ಸಮಯ ಬಂದಿರುತ್ತದೆ. ತುದಿ ಮಾತ್ರ, ಎರಡು ಮೂರು ಮಿಲಿಮೀಟರಿನಷ್ಟು, ಬೆರಳಿನಾಚೆ ಕಾಣಲಿ. ಎಲೆಕ್ಟ್ರಿಕ್ ಗಿಟಾರ್‌ಗೆ 9 ಅಥವಾ 10ರ ಸೆಟ್ (ಅತಿ ತೆಳು ತಂತಿಯ ದಪ್ಪ ಇಂಚಿನ ಸಾವಿರದಲ್ಲಿ 9 ಅಥವಾ 10 ಭಾಗ) ಸಾಕು. ಇದರಾಚೆಗಿನ ಚರ್ಚೆಯಲ್ಲಿ ಕಳೆಯುವ ಸಂಜೆಯನ್ನು ಅಭ್ಯಾಸಕ್ಕೆ ಕೊಟ್ಟರೆ ಲಾಭ ಹೆಚ್ಚು.

ಅಭ್ಯಾಸದ ಪ್ರಶ್ನೆಗಳು

ನಿಧಾನಕ್ಕೆ ಶುರುಮಾಡಿ ದಿನಕ್ಕೆ ಎರಡೆರಡು ಬಿಪಿಎಂ (ನಿಮಿಷಕ್ಕೆ ಪೆಟ್ಟು) ಏರಿಸ್ತಾ ಬಂದೆ. 130ಕ್ಕೆ ಬಂದು ಬಂಡೆಗೆ ತಗುಲಿದ ಹಾಗೆ ನಿಂತಿದೆ. ಏನು ಮಾಡಲಿ?

ಇದು ನನ್ನ ಬಳಿ ಅತಿ ಹೆಚ್ಚು ಸಲ ಬಂದ ಪ್ರಶ್ನೆ. ನನ್ನದೇ ಯೌವನದ ಎರಡು ವರ್ಷಗಳನ್ನು ತಿಂದ ಪ್ರಶ್ನೆಯೂ ಹೌದು. ನಿಧಾನವಾಗಿ ನುಡಿಸುವಾಗ ಕೈ ಮಾಡುವ ಚಲನೆಯೇ ಬೇರೆ, ವೇಗದಲ್ಲಿ ಮಾಡಬೇಕಾದ ಚಲನೆಯೇ ಬೇರೆ. ನಡಿಗೆಯನ್ನು ಎಷ್ಟು ಚುರುಕು ಮಾಡಿದರೂ ಒಂದು ಹಂತದಲ್ಲಿ ಅದನ್ನು ಬಿಟ್ಟು ಓಟಕ್ಕೆ ಬದಲಾಗಲೇಬೇಕಲ್ಲವೇ, ಹಾಗೆ. 60ರ ಲಯದಲ್ಲಿ ಪ್ರತಿ ಪೆಟ್ಟಿಗೂ ಮೊಣಕೈಯಿಂದ ಬಲ ಹಾಕಿ ನುಡಿಸಿದವರಿಗೆ ತೊಂದರೆ ಕಾಣಿಸುವುದೇ ಇಲ್ಲ. ಅದೇ ಚಲನೆ 130ರಲ್ಲಿ ಸಾಧ್ಯವಾಗುವುದಿಲ್ಲ.

ಆದ್ದರಿಂದ ನಿಧಾನದ ಅಭ್ಯಾಸದ ಜೊತೆಗೆ ಸಣ್ಣ ಸಣ್ಣ ಓಟಗಳೂ ಬೇಕು. ಬಿಟ್ಟಿನಿಂದ ಐದೇ ಸ್ವರಗಳನ್ನು, ಅಂದರೆ ಒಂದು ಪೆಟ್ಟಿನ ನಾಲ್ಕು ಮತ್ತು ಮುಂದಿನ ಪೆಟ್ಟಿನ ಮೊದಲನೆಯದನ್ನು ಆರಿಸಿಕೊಂಡು, ಗುರಿಯ ಲಯಕ್ಕಿಂತ ತುಸು ಹೆಚ್ಚಿನ ವೇಗದಲ್ಲಿ ಒಮ್ಮೆ ನುಡಿಸಿ ನಿಲ್ಲಿಸಿ. ಕೈ ಸಡಿಲ ಬಿಡಿ. ಮತ್ತೊಮ್ಮೆ. ಒಂದು ತುಣುಕು ಹಗುರವಾಗಿ ಬಂದ ಮೇಲೆ ಅದರ ಮುಂದಿನ ಐದು. ಆಮೇಲೆ ಎರಡನ್ನೂ ಕೂಡಿಸಿ ಒಂಬತ್ತು. ಒಂದು ಸ್ವರ ಎರಡೂ ತುಣುಕುಗಳಿಗೆ ಸೇರಿರುವುದರಿಂದ ಬೆಸುಗೆ ಬಿಡುವುದಿಲ್ಲ.

ಇಷ್ಟಾದ ಮೇಲೂ ಒಂದೇ ಜಾಗದಲ್ಲಿ ಎಡವುತ್ತಿದ್ದರೆ ಆ ಜಾಗ ಬಹುಮಟ್ಟಿಗೆ ತಂತಿ ಬದಲಾಗುವ ಜಾಗವಾಗಿರುತ್ತದೆ. ಪಿಕ್ಕನ್ನು ಓರೆಯಾಗಿ ಹಿಡಿದವರಿಗೆ ಕೆಳಪೆಟ್ಟು ಅಥವಾ ಮೇಲ್ಪೆಟ್ಟು, ಎರಡರಲ್ಲಿ ಒಂದು ಮಾತ್ರ ಪಿಕ್ಕನ್ನು ತಂತಿಗಳ ಮಟ್ಟದಿಂದ ಹೊರಗೆ ತರುತ್ತದೆ. ಇನ್ನೊಂದರ ನಂತರ ಪಿಕ್ ಎರಡು ತಂತಿಗಳ ನಡುವೆ ಸಿಕ್ಕಿಬಿದ್ದಿರುತ್ತದೆ. ನಿಮಗೆ ಮೇಲ್ಪೆಟ್ಟಿನಲ್ಲಿ ಪಿಕ್ ಹೊರಗೆ ಬರುತ್ತದೆ ಎಂದುಕೊಳ್ಳೋಣ. ತಂತಿಗೆ ಮೂರು ಸ್ವರವಿರುವ ಓಟದಲ್ಲಿ ಮೂರನೆಯದು ಕೆಳಪೆಟ್ಟಾಗುವುದರಿಂದ ಅಲ್ಲಿ ಸಿಕ್ಕಿಕೊಳ್ಳುವುದು ಖಚಿತ. ಮೊದಲ ಎರಡನ್ನು ಮೀಟಿ ಮೂರನೆಯದನ್ನು ಹ್ಯಾಮರ್-ಆನ್ ಮಾಡಿದರೆ (ಮೀಟದೆ ಎಡಗೈ ಬೆರಳನ್ನು ತಂತಿಗೆ ಬಡಿದು ನುಡಿಸಿದರೆ) ಕೊನೆಯ ಪೆಟ್ಟು ಮೇಲ್ಪೆಟ್ಟಾಗಿ, ಪಿಕ್ ಮುಂದಿನ ತಂತಿಗೆ ಸಲೀಸಾಗಿ ಹೋಗುತ್ತದೆ. ಫೋನನ್ನು ಪಿಕ್ಕಿನ ಹತ್ತಿರವಿಟ್ಟು ನಿಧಾನಗತಿಯ ವಿಡಿಯೊ ತೆಗೆದು ನೋಡಿ, ಹತ್ತು ನಿಮಿಷದಲ್ಲಿ ನಿಮ್ಮ ಪೆಟ್ಟು ಯಾವ ಜಾತಿಯದೆಂದು ಗೊತ್ತಾಗುತ್ತದೆ.

ಎಲ್ಲ ಸ್ವರಾನೂ ಪಿಕ್ ಮಾಡ್ಲೇಬೇಕಾ? ಹ್ಯಾಮರ್-ಆನ್, ಪುಲ್-ಆಫ್ (ಬೆರಳನ್ನು ತಂತಿಯಿಂದ ಎಳೆದು ಬಿಟ್ಟು ನುಡಿಸೋದು) ಹಾಕಿದ್ರೆ ಮೋಸ ಅಂತಾರೆ.

ವೀಣೆಯಲ್ಲಿ ಒಂದು ಮೀಟಿಗೆ ನಾಲ್ಕಾರು ಸ್ವರ ನುಡಿಸುವವರನ್ನು ಯಾರೂ ಮೋಸಗಾರರೆಂದು ಕರೆದಿಲ್ಲ. ಎಲ್ಲವನ್ನೂ ಮೀಟಿದರೆ ಖಡಕ್ ನಾದ ಬರುತ್ತದೆ, ಮೀಟದಿದ್ದರೆ ಜಾರುವ ನಾದ ಬರುತ್ತದೆ. ಹಾಡು ಕೇಳುವುದು ಯಾವುದನ್ನು ಎಂಬುದಷ್ಟೇ ಪ್ರಶ್ನೆ. ಒಂದು ಎಚ್ಚರಿಕೆ: ಮನೆಯ ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ ಕೇಳುವ ಮೆಲು ಪುಲ್-ಆಫ್‌ಗಳು ಡ್ರಮ್ಸ್ ಪಕ್ಕದಲ್ಲಿ ಕಾಣೆಯಾಗುತ್ತವೆ, ಹಾಗಾಗಿ ವೇದಿಕೆಗೆಂದು ಅಭ್ಯಾಸ ಮಾಡುವಾಗ ಎಡಗೈ ಬೆರಳು ತಂತಿಯನ್ನು ಬಿಡುವ ಕ್ಷಣದಲ್ಲಿ ತುಸು ಪಕ್ಕಕ್ಕೆ ಎಳೆದು ಬಿಡಬೇಕು.

ಕೂತ್ರೆ ಬರುತ್ತೆ, ನಿಂತ್ರೆ ಬರಲ್ಲ.

ಕುಳಿತಾಗ ಗಿಟಾರ್ ಎದೆಗೆ ಎಷ್ಟು ಹತ್ತಿರವಿರುತ್ತದೋ ನಿಂತಾಗಲೂ ಅಷ್ಟೇ ಎತ್ತರದಲ್ಲಿರುವಂತೆ ಪಟ್ಟಿಯನ್ನು ಬಿಗಿಮಾಡಿ, ಕಾರ್ಯಕ್ರಮಕ್ಕೆ ಎರಡು ವಾರ ಮೊದಲಿನಿಂದ ನಿಂತೇ ಅಭ್ಯಾಸ ಮಾಡಿ. ಮೊಣಕಾಲಿನವರೆಗೆ ಇಳಿಬಿಟ್ಟ ಗಿಟಾರ್ ಫೋಟೊದಲ್ಲಿ ಚೆಂದ. ಮಣಿಕಟ್ಟು ಅದಕ್ಕೆ ಬಾಡಿಗೆ ಕಟ್ಟುತ್ತದೆ.

ಕಾರ್ಯಕ್ರಮದ ದಿನದ ಪ್ರಶ್ನೆಗಳು

ಡಿಸೆಂಬರ್ ರಾತ್ರಿ ಎಸ್ಟೇಟಿನಲ್ಲಿ ಪ್ರೋಗ್ರಾಂ. ಬೆರಳೇ ಬಗ್ಗಲ್ಲ, ಶ್ರುತೀನೂ ನಿಲ್ಲಲ್ಲ. ನೀವೇನು ಮಾಡ್ತೀರಿ?

ಪಾಠ ಕಲಿತದ್ದು ಪೆಟ್ಟು ತಿಂದೇ. ಮೂಡಿಗೆರೆ ಕಡೆಯ ಒಂದು ತೋಟದಲ್ಲಿ ಆರತಕ್ಷತೆ. ಕಾಫಿ ಒಣಗಿಸುವ ಕಣದಲ್ಲಿ ವೇದಿಕೆ, ಮೇಲೆ ಶಾಮಿಯಾನ, ಸುತ್ತ ಮಂಜು. ನಾನು ಮನೆಯೊಳಗೆ ಬೆಚ್ಚಗೆ ಕುಳಿತು ಶ್ರುತಿ ಮಾಡಿಕೊಂಡು, ಊಟ ಮುಗಿಸಿ, ತಣ್ಣೀರಿನಲ್ಲಿ ಕೈ ತೊಳೆದು ನೇರವಾಗಿ ವೇದಿಕೆ ಹತ್ತಿದೆ. ಎರಡನೇ ಹಾಡಿನಲ್ಲೇ ವೇಗದ ಬಿಟ್ಟಿತ್ತು. ಉಂಗುರ ಬೆರಳು ಎದ್ದ ಜಾಗಕ್ಕೆ ಮರಳಲಿಲ್ಲ, ತಂತಿಗಳು ಕೀಬೋರ್ಡಿಗಿಂತ ಮೇಲಿನ ಶ್ರುತಿಯಲ್ಲಿದ್ದವು. ಕೀಬೋರ್ಡಿನವರು ನನ್ನ ಕಡೆ ತಿರುಗಿ ನೋಡಿದ ನೋಟ ಇನ್ನೂ ಮರೆತಿಲ್ಲ.

ಉಕ್ಕಿನ ತಂತಿ ತಣ್ಣಗಾದಾಗ ಕುಗ್ಗಿ ಬಿಗಿಯಾಗುವುದರಿಂದ ಶ್ರುತಿ ಏರುತ್ತದೆ, ದೀಪಗಳ ಶಾಖಕ್ಕೆ ಹಿಗ್ಗಿದಾಗ ಇಳಿಯುತ್ತದೆ. ಅದಕ್ಕಾಗಿ ವಾದ್ಯವನ್ನು ಅರ್ಧ ಗಂಟೆ ಮೊದಲೇ ವೇದಿಕೆಯ ಗಾಳಿಯಲ್ಲಿಟ್ಟು, ಹತ್ತಿದ ಮೇಲೆ ಶ್ರುತಿ ಮಾಡಿ, ಮೊದಲ ಹಾಡಿನ ನಂತರ ಮತ್ತೊಮ್ಮೆ ಪರೀಕ್ಷಿಸಬೇಕು. ಕೈಗೆ ಬಿಸಿನೀರೇ ಮದ್ದು. ಅಡುಗೆ ಭಟ್ಟರನ್ನು ಕೇಳಿದರೆ ಒಂದು ಪಾತ್ರೆ ಬಿಸಿನೀರು ಎಲ್ಲಿಯಾದರೂ ಸಿಗುತ್ತದೆ. ಮೊಣಕೈವರೆಗೆ ಎರಡು ನಿಮಿಷ ಅದ್ದಿ, ಒರೆಸಿ, ಹದಿನೈದು ನಿಮಿಷ ನಿಧಾನದ ಸ್ವರಗಳನ್ನು ನುಡಿಸಿ, ಆಮೇಲೆ ವೇದಿಕೆ ಹತ್ತುವವರೆಗೆ ಕೈಗಳನ್ನು ಸ್ವೆಟರಿನೊಳಗೆ ಇಟ್ಟುಕೊಳ್ಳುತ್ತೇನೆ. ವೇಗದ ಹಾಡನ್ನು ಪಟ್ಟಿಯ ನಾಲ್ಕನೆಯದೋ ಐದನೆಯದೋ ಮಾಡಲು ಗಾಯಕರನ್ನು ಒಪ್ಪಿಸುವುದೂ ತಯಾರಿಯ ಭಾಗವೇ.

ಮಳೆಗಾಲ ಬಂದ್ರೆ ಅಕೂಸ್ಟಿಕ್ ಗಿಟಾರ್ ಗಟ್ಟಿಯಾಗುತ್ತೆ, ತಂತಿ ತುಕ್ಕು ಹಿಡಿಯುತ್ತೆ.

ಮಲೆನಾಡಿನ ತೇವಕ್ಕೆ ಮರ ಉಬ್ಬಿ, ಬ್ರಿಡ್ಜ್ (ತಂತಿಯ ಕೆಳತುದಿ ಕಟ್ಟುವ ಪಟ್ಟಿ) ಇರುವ ಮೇಲ್ಹಲಗೆ ಎದ್ದು, ತಂತಿಗಳು ಕತ್ತಿನ ಮೇಲಿನ ಲೋಹದ ಗೆರೆಗಳಾದ ಫ್ರೆಟ್‌ಗಳಿಂದ ದೂರ ಸರಿಯುತ್ತವೆ. ಗಿಟಾರನ್ನು ಗೋಡೆಗೆ ನೇತುಹಾಕದೆ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಗಟ್ಟಿ ಪೆಟ್ಟಿಗೆಯಲ್ಲಿಡಿ. ನುಡಿಸಿದ ಮೇಲೆ ತಂತಿಯನ್ನು ಒಣ ಬಟ್ಟೆಯಿಂದ ಕೆಳಭಾಗವೂ ಸೇರಿ ಒರೆಸಿ, ಏಕೆಂದರೆ ತುಕ್ಕಿನ ತರಿ ಹತ್ತಿದ ತಂತಿಯ ಮೇಲೆ ಬೆರಳು ಜಾರುವುದಿಲ್ಲ. ಹೊಸ ತಂತಿಯನ್ನು ಕಾರ್ಯಕ್ರಮದ ಹಿಂದಿನ ದಿನ ಹಾಕಿ, ಎಳೆದೆಳೆದು ಶ್ರುತಿ ನಿಲ್ಲಿಸಿಕೊಳ್ಳಿ. ಎಲೆಕ್ಟ್ರಿಕ್ ಗಿಟಾರಿನ ಹನ್ನೆರಡನೇ ಫ್ರೆಟ್ ಬಳಿ ತಂತಿಯ ಎತ್ತರ 1.5ರಿಂದ 2 ಮಿಲಿಮೀಟರ್ ಇದ್ದರೆ ವೇಗಕ್ಕೆ ಅನುಕೂಲ.

ಕಲ್ಯಾಣ ಮಂಟಪದಲ್ಲಿ ಎಷ್ಟು ನೀಟಾಗಿ ನುಡಿಸಿದ್ರೂ ಕೆಳಗೆ ಗಜಿಬಿಜಿ ಅಂತ ಕೇಳಿಸುತ್ತಂತೆ. ಯಾಕೆ?

ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. ವೇದಿಕೆಯಿಂದ 20 ಮೀಟರ್ ದೂರದ ಹಿಂಬದಿ ಗೋಡೆಗೆ ಬಡಿದು ನಿಮ್ಮ ಸ್ವರ ಮರಳುವುದಕ್ಕೆ ಹಿಡಿಯುವ ಕಾಲ ಸೆಕೆಂಡಿನ ಎಂಟನೇ ಒಂದು ಭಾಗಕ್ಕೆ ತುಸು ಕಡಿಮೆ. ಮೊದಲ ಪ್ರಶ್ನೆಯಲ್ಲಿ ಹೇಳಿದ 120ರ ಲಯದಲ್ಲಿ ಒಂದು ಸ್ವರಕ್ಕಿರುವ ಕಾಲವೂ ಅದೇ! ಅಂದರೆ ಮರಳಿ ಬಂದ ಹಳೆಯ ಸ್ವರ ಸರಿಯಾಗಿ ಹೊಸ ಸ್ವರದ ತಲೆಯ ಮೇಲೆ ಬೀಳುತ್ತದೆ. ಟೈಲ್ಸ್ ನೆಲ, ಬೋಳು ಗೋಡೆ, ಪರದೆಯಿಲ್ಲದ ಕಿಟಕಿಗಳಿರುವ ಸಭಾಂಗಣದಲ್ಲಿ ಅನುರಣನ ಎರಡು ಸೆಕೆಂಡು ಉಳಿದರೆ, ಹದಿನಾರು ಸ್ವರಗಳು ಒಟ್ಟಿಗೆ ಗಾಳಿಯಲ್ಲಿ ತೇಲುತ್ತಿರುತ್ತವೆ. ತಪ್ಪು ನಿಮ್ಮ ಬೆರಳಿನದ್ದಲ್ಲ.

ಮಾಡಬೇಕಾದದ್ದು: ಪ್ರೊಸೆಸರ್‌ನಲ್ಲಿ ರಿವರ್ಬ್ ಮತ್ತು ಡಿಲೇ (ಅನುರಣನ ಮತ್ತು ಮರುದನಿ ಸೇರಿಸುವ ಸವಲತ್ತುಗಳು) ಪೂರ್ತಿ ತೆಗೆಯಿರಿ, ಕೊಠಡಿಯೇ ಬೇಕಾದಷ್ಟು ಕೊಡುತ್ತದೆ. ಡಿಸ್ಟಾರ್ಷನ್ನಿನ (ನಾದವನ್ನು ಒರಟಾಗಿಸುವ ಪರಿಣಾಮದ) ಗೇನ್, ಅಂದರೆ ಅದರ ಪ್ರಮಾಣ, ಮನೆಯಲ್ಲಿ ಇಟ್ಟುಕೊಂಡದ್ದರ ಅರ್ಧಕ್ಕೆ ಇಳಿಸಿ. ಗೇನ್ ಹೆಚ್ಚಾದಷ್ಟೂ ಮೀಟಿದ ಸ್ವರಕ್ಕೂ ಮೀಟದ ಶಬ್ದಕ್ಕೂ ವ್ಯತ್ಯಾಸ ಅಳಿಸಿಹೋಗುತ್ತದೆ. ಬೇಸ್ (ತಗ್ಗಿನ ನಾದ) ಕಡಿಮೆ ಮಾಡಿ, ಮಿಡ್ (ಮಧ್ಯದ ನಾದ) ಏರಿಸಿ. ಮನೆಯಲ್ಲಿ ಒಬ್ಬರೇ ಕೇಳುವಾಗ ಈ ನಾದ ಮೂಗಿನಿಂದ ಹಾಡಿದಂತೆ ಕೆಟ್ಟದಾಗಿ ಕೇಳಿಸುತ್ತದೆ, ಆದರೆ ಪೂರ್ತಿ ವಾದ್ಯಮೇಳದ ನಡುವೆ ಸೀಳಿಕೊಂಡು ಹೋಗುವುದು ಅದೇ. ಸೌಂಡ್ ಚೆಕ್ ಸಮಯದಲ್ಲಿ ಸ್ನೇಹಿತರೊಬ್ಬರನ್ನು ಕೊನೆಯ ಸಾಲಿನಲ್ಲಿ ಕೂರಿಸಿ, ಸ್ವರಗಳು ಬಿಡಿಯಾಗಿ ಕೇಳುತ್ತಿವೆಯೇ ಎಂದು ಕೇಳಿ. ಇಲ್ಲವೆಂದರೆ ಲಯ ಇಳಿಸಲು ಸಾಧ್ಯವಿದ್ದಲ್ಲಿ ಇಳಿಸಿ, ಇಲ್ಲವಾದರೆ ಬಿಟ್ಟಿನಿಂದ ಕೆಲವು ಸ್ವರಗಳನ್ನು ತೆಗೆದುಹಾಕಿ. ಬಯಲಿನ ಗಣೇಶನ ಪೆಂಡಾಲಿನಲ್ಲಿ ಈ ತೊಂದರೆ ಇಲ್ಲ. ಅಲ್ಲಿ ಹಿಂದೆ ಗೋಡೆಯೇ ಇರುವುದಿಲ್ಲ.

ಮಾನಿಟರ್ (ವೇದಿಕೆ ಮೇಲೆ ನಮ್ಮ ಕಡೆ ತಿರುಗಿಸಿದ ಸ್ಪೀಕರ್) ಕೊಡಲ್ಲ. ನನ್ನ ಗಿಟಾರ್ ನನಗೇ ಕೇಳಿಸಲ್ಲ.

ಸ್ವಂತದ ಸಣ್ಣ ಆಂಪ್ ಒಂದನ್ನು ಕುರ್ಚಿಯ ಮೇಲಿಟ್ಟು ಕಿವಿಯ ಕಡೆಗೆ ತಿರುಗಿಸಿಕೊಳ್ಳಿ. ನೆಲದ ಮೇಲಿಟ್ಟ ಆಂಪ್ ನಿಮ್ಮ ಪ್ಯಾಂಟಿಗೆ ಮಾತ್ರ ಕೇಳಿಸುತ್ತದೆ. ನಿಲ್ಲುವ ಜಾಗ ಡ್ರಮ್ಸಿನ ಹೈ-ಹ್ಯಾಟ್ (ಜೋಡಿ ತಾಳದ ತಟ್ಟೆ) ಪಕ್ಕದಲ್ಲಿರಲಿ. ವೇಗದ ಬಿಟ್ಟಿಗೆ ಹಿಡಿದುಕೊಳ್ಳಲು ಅದಕ್ಕಿಂತ ಸ್ಪಷ್ಟವಾದ ಹಗ್ಗವಿಲ್ಲ.

ಗಿಟಾರ್ ಹಿಡಿದು ಮೈಕಿಗೆ ತುಟಿ ತಾಗಿದ್ರೆ ಜುಂ ಅನ್ನುತ್ತೆ. ಪರವಾಗಿಲ್ವಾ?

ಖಂಡಿತ ಹಾಗೆ ಬಿಡುವಂಥದ್ದಲ್ಲ, ಜೀವ ಹೋಗಬಹುದು. ಆಂಪ್ ಮತ್ತು ಮಿಕ್ಸರ್ ಬೇರೆ ಬೇರೆ ಕಡೆಯಿಂದ ಕರೆಂಟ್ ಪಡೆದು, ಒಂದರ ಅರ್ತ್ ಸರಿಯಿಲ್ಲದಿದ್ದಾಗ ತಂತಿ ಹಿಡಿದ ಕೈಯಿಂದ ತುಟಿಗೆ ವಿದ್ಯುತ್ ಹರಿಯುತ್ತದೆ. ಜನರೇಟರ್ ಮೇಲೆ ನಡೆಯುವ, ಮಳೆಯಲ್ಲಿ ನೆನೆದ ವೇದಿಕೆಗಳಲ್ಲಿ ಇದು ಹೆಚ್ಚು. ಅಂಥ ಕಡೆ ಗಿಟಾರ್ ಕೆಳಗಿಟ್ಟು, ಸೌಂಡ್‌ನವರಿಗೆ ಹೇಳಿ ಎರಡನ್ನೂ ಸರಿಯಾದ ಅರ್ತ್ ಇರುವ ಒಂದೇ ಲೈನಿಗೆ ಹಾಕಿಸಿ, ಮಲ್ಟಿಮೀಟರಿನಿಂದ ತಂತಿ ಮತ್ತು ಮೈಕಿನ ಜಾಲರಿಯ ನಡುವೆ ವೋಲ್ಟೇಜ್ ಇಲ್ಲವೆಂದು ನೋಡಿದ ಮೇಲೆಯೇ ಮುಟ್ಟಿ. ಗುಂಯ್ ಎನ್ನುವ ಸದ್ದು ಹೋಗಲೆಂದು ಪ್ಲಗ್ಗಿನ ಅರ್ತ್ ಪಿನ್ ಕತ್ತರಿಸುವವರ ಜೊತೆ ವಾದ ಮಾಡಬೇಡಿ, ಅವರ ಕೇಬಲ್ ಮುಟ್ಟಬೇಡಿ.

ಪಳಗಿದವರ ಪ್ರಶ್ನೆಗಳು

ಹತ್ತು ವರ್ಷ ಆಯ್ತು, ಇನ್ನೂ ಕೈ ನಡುಗುತ್ತೆ. ಮಾತ್ರೆ ತಗೊಂಡ್ರೆ ನಿಲ್ಲುತ್ತೆ ಅಂತಾರಲ್ಲ?

ನಡುಕಕ್ಕೆಂದು ಕೆಲವರು ನುಂಗುವ ಪ್ರೊಪ್ರಾನೊಲಾಲ್ ಮಾತ್ರೆ ಹೃದಯದ ಮೇಲೆ ಕೆಲಸ ಮಾಡುವ ಔಷಧಿ. ಅಸ್ತಮಾ ಇರುವವರಿಗೆ ಅಪಾಯಕಾರಿ. ವೈದ್ಯರನ್ನು ಕೇಳದೆ, ಸ್ನೇಹಿತರ ಜೇಬಿನಿಂದ ತೆಗೆದುಕೊಳ್ಳುವಂಥದ್ದಲ್ಲ. ಒಂದು ಪೆಗ್ ಹಾಕಿದರೆ ಕೈ ಸಡಿಲವಾಗುತ್ತದೆ ಎನ್ನುವವರು ತಮ್ಮ ಧ್ವನಿಮುದ್ರಣವನ್ನು ಮರುದಿನ ಬೆಳಿಗ್ಗೆ ಕೇಳಲಿ. ನನಗೆ ನೆರವಾದದ್ದು ಉಸಿರು: ಬಿಟ್ಟಿಗೆ ಎರಡು ಆವರ್ತ (ತಾಳದ ಸುತ್ತು) ಮೊದಲು ಪೂರ್ತಿ ಉಸಿರು ಬಿಟ್ಟು, ಭುಜ ಇಳಿಸಿ, ಮೊದಲ ನಾಲ್ಕು ಸ್ವರಗಳನ್ನಷ್ಟೇ ಮನಸ್ಸಿನಲ್ಲಿ ಹಾಡಿಕೊಳ್ಳುತ್ತೇನೆ. ವೇಗದಲ್ಲಿರುವಾಗ ಉಸಿರು ಕಟ್ಟುವ ಅಭ್ಯಾಸ ಬಹಳ ಜನರಿಗಿದೆ, ಕಟ್ಟಿದ ಉಸಿರು ಮುಂಗೈಯನ್ನೂ ಕಟ್ಟುತ್ತದೆ.

ಡ್ರಮ್ಮರ್ ಹುಮ್ಮಸ್ಸಿನಲ್ಲಿ ಕೌಂಟ್ ಏರಿಸಿಬಿಡ್ತಾರೆ. ನನ್ನ ಬಿಟ್ ಬರೋ ಹೊತ್ತಿಗೆ ಹಿಡಿಯೋಕೇ ಆಗಲ್ಲ.

ಹಾಡಿನ ಲಯವನ್ನು ರಿಹರ್ಸಲ್‌ನಲ್ಲಿ ಅಂಕಿಯಲ್ಲಿ ಬರೆದಿಡಿ ಮತ್ತು ಡ್ರಮ್ಮರ್ ಎದುರಿಗೆ ಫೋನಿನ ಮೆಟ್ರೊನೋಮ್ ದೀಪ ಮಿನುಗುವಂತಿಡಿ. ಹಾಗಿದ್ದರೂ ಏರಿಬಿಟ್ಟರೆಂದು ಪ್ರತಿ ವೇಗದ ಬಿಟ್ಟಿಗೂ ನನ್ನ ಬಳಿ ಎರಡನೆಯ ರೂಪವೊಂದು ಇರುತ್ತದೆ: ಅದೇ ರೇಖೆ, ಅದೇ ಮುಕ್ತಾಯ, ಪೆಟ್ಟಿಗೆ ನಾಲ್ಕರ ಬದಲು ಮೂರು ಅಥವಾ ಎರಡೇ ಸ್ವರ. ಇದನ್ನು ವೇದಿಕೆಯಲ್ಲಿ ಹುಟ್ಟಿಸಲು ಆಗುವುದಿಲ್ಲ, ಮನೆಯಲ್ಲೇ ಕಲಿತಿರಬೇಕು.

ನಡುವೆ ತಪ್ಪಿಹೋದ್ರೆ ಮತ್ತೆ ಎಲ್ಲಿ ಸೇರ್ಕೋಬೇಕು?

ಬಿಟ್ಟಿನ ಪ್ರತಿ ಆವರ್ತದ ಮೊದಲ ಸ್ವರಕ್ಕೆ, ಅಂದರೆ ಸಮಕ್ಕೆ, ನೇರವಾಗಿ ಹಾರಿ ಇಳಿಯುವುದನ್ನು ಪ್ರತ್ಯೇಕವಾಗಿ ಅಭ್ಯಾಸ ಮಾಡಿ. ತಪ್ಪಿದ ಸ್ವರವನ್ನು ಸರಿಪಡಿಸಲು ಹಿಂದಕ್ಕೆ ಹೋದವರು ಮುಂದಿನ ಎಂಟು ಸ್ವರಗಳನ್ನೂ ಕಳೆದುಕೊಳ್ಳುತ್ತಾರೆ. ತಂತಿಗಳನ್ನು ಅಂಗೈಯಿಂದ ಮುಚ್ಚಿ, ಬಲಗೈಯ ಲಯ ನಿಲ್ಲಿಸದೆ ‘ಟಕ ಟಕ’ ಎನಿಸುತ್ತ ಮುಂದಿನ ಸಮಕ್ಕೆ ಸೇರಿಕೊಂಡರೆ ಕೇಳುವವರು ಅದನ್ನೂ ಬಿಟ್ಟಿನ ಭಾಗವೆಂದೇ ತಿಳಿಯುತ್ತಾರೆ. ಎಲ್ಲಕ್ಕಿಂತ ಹೆಚ್ಚು ಬೆವರು ಸುರಿಸಬೇಕಾದದ್ದು ಕೊನೆಯ ನಾಲ್ಕು ಸ್ವರಗಳ ಮೇಲೆ. ಜನರ ಕಿವಿಯಲ್ಲಿ ಉಳಿಯುವುದು ಅವೇ.

ಮೂರನೇ ಕಾಲದ ಸ್ವರಗಳನ್ನ ಗಿಟಾರಿನಲ್ಲಿ ಕಚೇರಿ ಥರ ನುಡಿಸಬೇಕು ಅಂತ ಆಸೆ. ಗಮಕ (ಸ್ವರವನ್ನ ಅಲುಗಿಸೋದು, ಜಾರಿಸೋದು) ಹಾಕಿದ್ರೆ ವೇಗ ಹೋಗುತ್ತೆ, ವೇಗ ಇಟ್ರೆ ಗಮಕ ಹೋಗುತ್ತೆ.

ಫ್ರೆಟ್ ಇರುವ ಎಲೆಕ್ಟ್ರಿಕ್ ವಾದ್ಯದಲ್ಲಿ ಇದು ಸಾಧ್ಯವೆಂದು ಮ್ಯಾಂಡೊಲಿನ್ ಶ್ರೀನಿವಾಸ್ ಅವರು ತೋರಿಸಿಕೊಟ್ಟಿದ್ದಾರೆ, ಗಿಟಾರಿನಲ್ಲಿ ಪ್ರಸನ್ನ ಅವರು ತೋರಿಸಿದ್ದಾರೆ. ನನ್ನ ಮಿತಿಯಲ್ಲಿ ಹೇಳುವುದಾದರೆ, ಮೂರನೇ ಕಾಲದಲ್ಲಿ ಪ್ರತಿ ಸ್ವರಕ್ಕೂ ಕಂಪಿತ (ಸ್ವರವನ್ನು ಅಲುಗಿಸುವ ಗಮಕ) ಹಾಕಲು ಗಾಯಕರೂ ಹೋಗುವುದಿಲ್ಲ. ರಾಗಕ್ಕೆ ಕಳೆ ಕೊಡುವ ಜೀವಸ್ವರಗಳು ಬಂದಾಗ ಮಾತ್ರ ತುಸು ನಿಂತು ಅಲುಗಿಸಿ, ಉಳಿದವನ್ನು ನೇರವಾಗಿ ಬಿಡುತ್ತಾರೆ. ಆದ್ದರಿಂದ ಮೊದಲು ಆ ಸ್ವರಗಳನ್ನು ಬಾಯಲ್ಲಿ ಹಾಡಿ, ನಿಮ್ಮ ಗಂಟಲು ತಾನಾಗಿ ಎಲ್ಲಿ ಅಲುಗುತ್ತದೆ ಎಂದು ಗುರುತು ಹಾಕಿಕೊಂಡು, ಅಷ್ಟು ಜಾಗಗಳಲ್ಲಿ ಮಾತ್ರ ಒಂದು ಫ್ರೆಟ್‌ನಿಂದ ಇನ್ನೊಂದಕ್ಕೆ ಬೆರಳು ಎತ್ತದೆ ಜಾರಿಸಿ. ತೆಳುವಾದ ತಂತಿಗಳ ಮೇಲೆ, ಒಂದೇ ತಂತಿಯ ಉದ್ದಕ್ಕೂ ಚಲಿಸುವಂತೆ ಬೆರಳಿನ ವಿನ್ಯಾಸ ಮಾಡಿಕೊಂಡರೆ ಜಾರು ಸುಲಭ, ತಂತಿ ಬದಲಾಯಿಸುವ ಕಷ್ಟವೂ ಕಡಿಮೆ. ನಾನು ಮೋಹನ ರಾಗದಿಂದ ಶುರುಮಾಡಿಸುತ್ತೇನೆ: ಐದೇ ಸ್ವರ, ಗಮಕವೂ ಹೆಚ್ಚು ತೊಡಕಿನದ್ದಲ್ಲ. ಗಮಕವೇ ತುಂಬಿದ ತೋಡಿ ರಾಗದ ಮಾತನ್ನು ಎರಡು ವರ್ಷದ ನಂತರ ಎತ್ತೋಣ.